ದೊರ್ಕವ್ವನ ಕೈ ಸುಟ್ಟ ಬೇಸಿಗೆ

ನಮ್ಮೂರಿಗೆ ಇಕ್ಕಳ ಮಾರಲು ಬಂದವನು ಎರಡನೇ ಸಲ ಬಂದದ್ದಿಲ್ಲ. ಒಲೆಯ ಮೇಲೆ ಕೊತಕೊತ ಕುದಿಯುವ ಬೋಗುಣಿಯನ್ನು ನಾವು ಬರಿಗೈಯಲ್ಲಿ ಇಳಿಸುತ್ತೇವೆ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಅಂಗೈಯಿಂದಲೇ ಒತ್ತಿ ಉಬ್ಬಿಸುತ್ತೇವೆ. ವಯಸ್ಸಿಗೆ ಬಂದ ಮೇಲೆ ಸಭೆಯ ಮುಂದೆ ನಿಂತು ‘ಕರ್ತನನ್ನು ನಂಬಿದ್ದೇನೆ’ ಎಂದು ಹೇಳಿದ ದಿನದಿಂದ ಬೆಂಕಿ ನಮ್ಮ ಕೈಗಳನ್ನು ಸುಡುವುದಿಲ್ಲ. ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಹೇಳಿದ ಮೇಲೂ ಸುಡುತ್ತದೆ. ಹೊರಗಿನಿಂದ ಬಂದವರಿಗಂತೂ ಸುಟ್ಟೇ ಸುಡುತ್ತದೆ. ಯಾಕೆ ಹೀಗೆ ಎಂದು ನಾವ್ಯಾರೂ ತಲೆ ಕೆಡಿಸಿಕೊಂಡವರಲ್ಲ. ಇಲ್ಲಿಯ ಬೆಂಕಿ ಮುಟ್ಟದವರನ್ನು ಸತ್ತ ಮೇಲೆ ಅಲ್ಲಿಯ ಬೆಂಕಿ ಹೇಗೆ ಮುಟ್ಟೀತು ಎಂದುಕೊಂಡು ನಿಶ್ಚಿಂತೆಯಿಂದ ಇದ್ದೆವು.

ಕನ್ಯೆ ನೋಡಲು ಹೋದರೆ ಹುಡುಗಿ ಚಹಾದ ಪಾತ್ರೆಯನ್ನು ಬರಿಗೈಯಲ್ಲಿ ತಂದಳೇ ಎಂದು ನೋಡುತ್ತಾರೆಯೇ ಹೊರತು ಚಹಾ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಯಾರಾದರೂ ಸತ್ತರೆ ಮಣ್ಣಿಗೆ ಹೋದವರು ಮಾತಾಡಿಕೊಳ್ಳುವುದೂ ಅದನ್ನೇ. ಕುಡಿಯುತ್ತಿದ್ದ, ಹೆಂಡತಿಗೆ ಬಡಿಯುತ್ತಿದ್ದ, ತಮ್ಮನ ಪಾಲು ನುಂಗಿದ, ಏನೇ ಆಗಲಿ ಕೈ ಮಾತ್ರ ಸುಡುತ್ತಿರಲಿಲ್ಲ ಎಂದು ಹೇಳಿ ಸಮಾಧಾನದಿಂದ ಮನೆಗೆ ಬಂದು ಊಟ ಮಾಡುತ್ತಾರೆ. ನಾನೂ ಹಾಗೆ ಹೇಳಿ ಬಂದು ಉಂಡವಳೇ.

ಕೈ ಸುಡುವವರು ದೇವಾಲಯದ ಮೊಗಸಾಲೆಯಲ್ಲಿ ಕೂರಬೇಕು, ಅದು ನಮ್ಮ ಪದ್ಧತಿ. ನಾವೇನು ಕಟುಕರಲ್ಲ. ಅವರಿಗೆ ಚಾಪೆ ಹಾಸಿರುತ್ತಿದ್ದೆವು, ಆರಾಧನೆ ಮುಗಿದ ಮೇಲೆ ಚಹಾ, ಬನ್ನು ಕೊಡುತ್ತಿದ್ದೆವು, ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದೆವು. ಪೀಠದ ಮುಂದೆ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ಮಾತ್ರ ಅವರಿಗೆ ಕೊಡುತ್ತಿರಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ಶ್ರಮೆಕಾಲದಲ್ಲಿ ಕೆಂಡದ ಭಾನುವಾರ ಎಂದು ಒಂದು ಬರುತ್ತದೆ. ಅಂದು ಪೀಠದ ಮುಂದೆ ಅಗ್ಗಿಷ್ಟಿಕೆ ಇಡುತ್ತಾರೆ. ಸುಡದವರು ಒಬ್ಬೊಬ್ಬರಾಗಿ ಹೋಗಿ ಒಂದು ಕೆಂಡ ಎತ್ತಿ, ಸಭೆಗೆ ತೋರಿಸಿ, ವಾಪಸು ಇಟ್ಟು ರೊಟ್ಟಿ ತೆಗೆದುಕೊಳ್ಳುತ್ತಾರೆ. ಆಮೇಲೆ ಮುಂದಿನ ವರ್ಷದವರೆಗೆ ಅವರ ಆತ್ಮದ ಬಗ್ಗೆ ಯಾರೂ ಚಕಾರವೆತ್ತುವಂತಿಲ್ಲ.

ಆ ರೊಟ್ಟಿಯನ್ನು ಬೇಯಿಸುತ್ತಿದ್ದವಳು ನನ್ನ ಪಕ್ಕದ ಮನೆಯ ದೊರ್ಕವ್ವ. ಅವಳ ಹಿತ್ತಲಲ್ಲಿ ಇಟ್ಟಿಗೆಯ ದೊಡ್ಡ ಭಟ್ಟಿ ಇದೆ. ನಮ್ಮಿಬ್ಬರ ನಡುವೆ ಒಂದೇ ಗೋಡೆಯಾದ್ದರಿಂದ ಚಳಿಗಾಲದಲ್ಲಿ ಅವಳ ಬೆಂಕಿಗೆ ನನ್ನ ಅಡುಗೆಮನೆಯೂ ಬೆಚ್ಚಗಿರುತ್ತದೆ. ಗಂಡ ಹಗ್ಗಾಯಪ್ಪ ತೀರಿಕೊಂಡ ಮೇಲೆ ಬನ್ನು, ಬ್ರೆಡ್ಡು, ಟೋಸ್ಟು ಮಾಡಿ ಮಗನನ್ನು ಬೆಳೆಸಿದ ಗಟ್ಟಿಗಿತ್ತಿ. ಧಗಧಗಿಸುವ ಭಟ್ಟಿಯೊಳಗೆ ಮೊಣಕೈವರೆಗೂ ತೋಳು ತೂರಿಸಿ ತಟ್ಟೆ ಎಳೆಯುವಾಗ ಅವಳ ಮುಖ ನೋಡಬೇಕು, ಗಂಡ ಈಗಾಗಲೇ ಹೋಗಿ ಕುಳಿತ ಜಾಗದಲ್ಲಿ ತನಗೂ ಸೀಟು ಹಿಡಿದಿಟ್ಟಿದ್ದಾನೆ ಎಂಬಂತೆ ಇರುತ್ತಿತ್ತು. ಊಟದ ಮುಂಚೆ ತಪ್ಪದೆ ಪ್ರಾರ್ಥನೆ ಮಾಡುತ್ತಿದ್ದಳು. ಬೇಡಿಕೊಳ್ಳುವಂಥದ್ದು ಮಾತ್ರ ಅವಳಿಗೆ ಏನೂ ಇರಲಿಲ್ಲ.

ಮಗ ತಿಮೊಥಿ ಟೆಂಪೋದಲ್ಲಿ ಬ್ರೆಡ್ಡು ಹಾಕಿಕೊಂಡು ಊರೂರು ತಿರುಗುವವನು. ತಿರುಗುತ್ತ ತಿರುಗುತ್ತ ಹೊರಗಿನ ಒಬ್ಬಳನ್ನು ಮೆಚ್ಚಿ ಮದುವೆಯಾಗಿ ಬಂದ. ಸುವಾರ್ತಾ ಎಂದು ಹೆಸರು. ಹುಟ್ಟಿನಿಂದ ನಮ್ಮಂತೆಯೇ ದೇವಾಲಯಕ್ಕೆ ಹೋಗಿ ಬೆಳೆದವಳು, ದೀಕ್ಷಾಸ್ನಾನವೂ ಆಗಿತ್ತು. ಆದರೆ ಮೊದಲ ದಿನವೇ ಚಹಾ ಇಳಿಸಲು ಸೆರಗನ್ನು ಮಡಚಿ ಕೈಗೆ ಸುತ್ತಿಕೊಂಡಳು. ದೊರ್ಕವ್ವನ ಮುಖ ಗಂಟುಹಾಕಿಕೊಂಡಿತು. ಕೆಲವು ದಿನ ಸಹಿಸಿದಳು. ಒಂದು ಮಧ್ಯಾಹ್ನ ಭಟ್ಟಿಯಿಂದ ಆಗತಾನೆ ಎಳೆದ ತಗಡಿನ ತಟ್ಟೆಯನ್ನು ಸೊಸೆಯ ಮುಂದೆ ಚಾಚಿದಳು.

“ಖರೇನ ನಂಬಿಕಿ ಇದ್ರ ಹಿಡಿ.”

ಹುಡುಗಿ ಅತ್ತೆಯ ಮುಖವನ್ನೊಮ್ಮೆ ನೋಡಿ ಹಿಡಿದಳು. ಆ ಕಿರುಚಾಟ ಗೋಡೆಯಾಚೆ ನನಗೂ ಕೇಳಿಸಿತು. ಎರಡೂ ಅಂಗೈ ಗುಳ್ಳೆ ಎದ್ದು ಒಡೆದು ಹಣ್ಣಾದವು. ಗಾಯ ಮಾಯುವವರೆಗೆ ತಿಮೊಥಿಯೇ ಹೆಂಡತಿಗೆ ತುತ್ತು ಕಲಸಿ ಉಣಿಸಿದ, ತಲೆ ಬಾಚಿ ಜಡೆ ಹಾಕಿದ. ಊರು ಅವನನ್ನು ಆಡಿಕೊಂಡು ನಕ್ಕಿತು. ಕೇಳಿದವರಿಗೆಲ್ಲ ದೊರ್ಕವ್ವ, “ನಾನೇನ್ ಸುಟ್ಟಿಲ್ಲವ್ವ, ಆಕಿ ಒಳಗಿನ ಅಪನಂಬಿಕಿ ಸುಟ್ಟೈತಿ” ಎನ್ನುತ್ತಿದ್ದಳು. ಅದು ಅವಳಿಗೆ ಸುಳ್ಳು ಎನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ.

ಅಂದಿನಿಂದ ಕೆಲಸ ಹಂಚಿಹೋಯಿತು. ಸುವಾರ್ತಾ ಹಿಟ್ಟು ನಾದುವುದು, ದೊರ್ಕವ್ವ ಭಟ್ಟಿ ನೋಡಿಕೊಳ್ಳುವುದು. ಕರ್ತನ ಭೋಜನದ ರೊಟ್ಟಿಗೂ ಹಿಟ್ಟು ನಾದುವವಳು ಅವಳೇ, ತಿನ್ನಲು ಮಾತ್ರ ಅವಳಿಗೆ ಸಿಗುತ್ತಿರಲಿಲ್ಲ. ಭಾನುವಾರ ಮೊಗಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಹಳ ಸಾಧು ಎಂದೇನಲ್ಲ, ಬಾಯಿ ಜೋರೇ ಇತ್ತು. ಮೈದಾದವನು ಹುಳ ಬಿದ್ದ ಚೀಲ ಕಳಿಸಿದರೆ ಬೀದಿಯ ಕೊನೆಯವರೆಗೆ ಕೇಳುವಂತೆ ಬೈಯುತ್ತಿದ್ದಳು. ಆದರೆ ಹಿಟ್ಟು ನಾದುವಾಗ ಮೆಲ್ಲಗೆ ಯಾರ ಜೊತೆಗೋ ಮಾತಾಡುತ್ತಿದ್ದಳು. ಮೊದಮೊದಲು ನಾನು, ಪಾಪ, ತಲೆ ಸರಿ ಇಲ್ಲವೇನೋ ಎಂದುಕೊಂಡಿದ್ದೆ. ಕಿವಿಗೊಟ್ಟು ಕೇಳಿದರೆ, “ಕರ್ತನ, ಇವತ್ತ ಸೊಂಟ ಭಾಳ ನೋಯಾಕತ್ತೈತಿ, ಅತ್ತಿ ಮ್ಯಾಲೆ ಸಿಟ್ಟೂ ಬಂದೈತಿ, ಎರಡನ್ನೂ ನೀನ ನೋಡ್ಕೋ” ಎನ್ನುತ್ತಿದ್ದಳು.

ಹೀಗೆ ವರ್ಷಗಳು ಸರಿದವು. ಈ ಸಲದ ಶ್ರಮೆಕಾಲದಲ್ಲಿ, ಬಿಸಿಲು ಆಗಲೇ ನೆತ್ತಿ ಸುಡುತ್ತಿದ್ದ ಒಂದು ಮಧ್ಯಾಹ್ನ, ದೊರ್ಕವ್ವ ಟೋಸ್ಟಿನ ತಟ್ಟೆ ಎಳೆಯಲು ಭಟ್ಟಿಗೆ ಕೈ ಹಾಕಿದವಳು, “ಚೇಳು! ಚೇಳು ಕಡೀತು!” ಎಂದು ಕೂಗಿಕೊಂಡಳು. ನಾನು ಚಪ್ಪಲಿ ಹಿಡಿದುಕೊಂಡು ಗೋಡೆ ಸುತ್ತಿ ಓಡಿದೆ. ಟೋಸ್ಟೆಲ್ಲ ನೆಲದ ಮೇಲೆ ಚೆಲ್ಲಿತ್ತು. ದೊರ್ಕವ್ವ ಬೆರಳುಗಳನ್ನು ಹಿಡಿದುಕೊಂಡು ಕುಣಿಯುತ್ತಿದ್ದಳು. ಚಿಕ್ಕ ಹುಡುಗಿಯಾಗಿದ್ದಾಗ ಸುಟ್ಟುಕೊಂಡದ್ದೇ ಕೊನೆ, ಆ ನೋವು ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಸುವಾರ್ತಾ ಮಾತ್ರ ಚೇಳನ್ನು ಹುಡುಕಲಿಲ್ಲ. ಅತ್ತೆಯ ಕೈ ಹಿಡಿದೆಳೆದು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ಆಮೇಲೆ ಹಿತ್ತಲಿನ ಲೋಳಸರದ ಎಲೆ ಮುರಿದು ತಂದು ಅದರ ಲೋಳೆ ಸವರಿದಳು. ಚೇಳಲ್ಲ ಎಂದು ದೊರ್ಕವ್ವನಿಗೆ ಆಗ ಗೊತ್ತಾಯಿತು. ಅವಳು ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ನೆಲದ ಮೇಲೆ ಕುಸಿದು ಕುಳಿತಳು.

“ಲುದ್ಯಕ್ಕ, ಯಾರ ಮುಂದೂ ಬಾಯಿ ಬಿಡಬ್ಯಾಡ,” ಎಂದು ನನ್ನ ಸೆರಗು ಹಿಡಿದಳು. ಕೆಂಡದ ಭಾನುವಾರ ಹತ್ತಿರ ಬಂದಿತ್ತು.

ಬಾಯಿ ಬಿಡಲಿಲ್ಲ. ಊರಿಗೆ ಅವಳು ಚಾಕು ತಗುಲಿತು ಎಂದು ಹೇಳಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದಳು. ಎಲ್ಲೋ ಒಂದು ಸಣ್ಣ ತಪ್ಪು ಅಡ್ಡ ಬಂದಿದೆ, ಅದನ್ನು ಸರಿಪಡಿಸಿದರೆ ಕೈ ಮೊದಲಿನಂತಾಗುತ್ತದೆ ಎಂದು ಅವಳ ಲೆಕ್ಕಾಚಾರ. ಬೆಣ್ಣೆಯ ಬಿಸ್ಕತ್ತಿಗೆ ಡಾಲ್ಡಾ ಹಾಕುವುದನ್ನು ನಿಲ್ಲಿಸಿದಳು. ಮೋರಿಯ ವಿಷಯಕ್ಕೆ ನನ್ನೊಂದಿಗೆ ಜಗಳವಿತ್ತು, ಒಂದು ತಟ್ಟೆ ಬನ್ನು ತಂದುಕೊಟ್ಟು ತಪ್ಪಾಯಿತು ಎಂದಳು. ಎರಡು ಹೊತ್ತು ಉಪವಾಸ ಮಾಡಿದಳು. ಮತ್ತೆ ಹೋಗಿ ಭಟ್ಟಿಯ ಬಾಗಿಲು ಮುಟ್ಟಿದಳು. ಸುಟ್ಟಿತು. ಆಗ ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ರೊಟ್ಟಿ ಸುಟ್ಟುಕೊಟ್ಟವಳಿಗೆ ಇದೇನು ಮರ್ಯಾದೆ ಎಂದು ಮೇಲೆ ನೋಡಿ ಕೇಳಿದಳಂತೆ. ಸಿಟ್ಟು ಇಳಿದ ಮೇಲೆ ಹೆದರಿಕೆ ಹತ್ತಿತು. ಹಗ್ಗಾಯಪ್ಪ ಅಲ್ಲಿದ್ದಾನೆ, ತಾನು ಎಲ್ಲಿಗೆ ಹೋಗುವುದು? ಅನ್ನ ಸೇರದಾಯಿತು. ಗಲ್ಲದ ಮೂಳೆ ಎದ್ದು ಕಾಣತೊಡಗಿತು.

ಕೊನೆಗೆ ಯೋಬಪ್ಪ ಪಾದ್ರಿಗಳ ಹತ್ತಿರ ಹೋದಳು. ಅವರು ಬಹಳ ಮೃದು ಸ್ವಭಾವದವರು, ಯಾರ ಕಣ್ಣಲ್ಲಿ ನೀರು ಕಂಡರೂ ಅದನ್ನು ಹೇಗಾದರೂ ನಿಲ್ಲಿಸಬೇಕು ಅವರಿಗೆ. ಅವಳು ಬೆರಳಿನ ಬಟ್ಟೆ ಬಿಚ್ಚಿ ತೋರಿಸಿದಾಗ ಎದ್ದು ಬಾಗಿಲು ಮುಚ್ಚಿ ಬಂದರಂತೆ.

“ದೊರ್ಕವ್ವಾರ, ವಯಸ್ಸಾತು, ತೊಗಲು ತೆಳ್ಳಗಾಗಿರ್ತೈತಿ. ನೀವು ನಂಬಿದ್ದನ್ನ ಆಗ ಇಡೀ ಸಭಿ ನೋಡೈತಿ. ಅದನ್ನ ಯಾರು ಅಳಿಸ್ತಾರ?”

“ಅಯ್ನೋರ, ಭಾನುವಾರ ನಾ ಏನ್ ಮಾಡ್ಲಿ?”

“ಅಗ್ಗಿಷ್ಟಿಕಿ ಅಂಚಿನಾಗ ಒಂದು ಆರಿದ ಕೆಂಡ ಇಟ್ಟಿರ್ತೀನಿ, ಬೂದಿ ಮುಸುಕಿದ್ದು. ಅದನ್ನ ಎತ್ತಿ ತೋರಿಸಿ ಇಟ್ಟು ಬಿಡ್ರಿ. ಯಾರಿಗೂ ತಿಳಿಯೂದಿಲ್ಲ.”

ದೊರ್ಕವ್ವನಿಗೆ ಹೋದ ಜೀವ ಬಂದಂತಾಯಿತು. ದಾರಿಯಲ್ಲಿ ನನಗೆ ಸಿಕ್ಕು ಎಲ್ಲವನ್ನೂ ಹೇಳಿದಳು, ಎಷ್ಟೋ ದಿನಗಳ ಮೇಲೆ ನಕ್ಕಳು. ಮನೆಗೆ ಹೋಗಿ ಹೊಟ್ಟೆತುಂಬ ಉಂಡಳು. ಆದರೆ ಮಾರನೆಯ ದಿನ ಮತ್ತೆ ಮುಖ ಬಾಡಿತ್ತು. ಆರಿದ ಕೆಂಡದಿಂದ ಊರಿನ ಬಾಯಿ ಮುಚ್ಚಿಸಬಹುದು, ಸತ್ತ ಮೇಲೆ ಕೇಳುವವನು ಊರಿನವನಲ್ಲವಲ್ಲ ಎಂದಳು.

ಆವತ್ತು ಮಧ್ಯಾಹ್ನ ಹಿಟ್ಟು ನಾದುತ್ತಿದ್ದ ಸೊಸೆಯ ಎದುರು ಅವಳು ಹೋಗಿ ನಿಂತಳು. ನಾನು ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದೆ. ಹಿತ್ತಲಿನ ಗೋಡೆ ಗಿಡ್ಡ, ಆಚೆಯ ಮಾತು ಒಂದೊಂದೂ ಕೇಳಿಸಿತು, ಕತ್ತು ಎತ್ತಿದರೆ ಇಬ್ಬರೂ ಕಾಣುತ್ತಿದ್ದರು.

“ನಿನಗ ಮೊದಲಿಂದ ಕೈ ಸುಡತೈತಿ. ಆದ್ರೂ ಆತ ನಿನ್ನ ಬಿಟ್ಟಿಲ್ಲ ಅಂತ ಹೆಂಗ ನಂಬತಿ?”

ಹಿಟ್ಟು ಬಡಿಯುವ ಸದ್ದು ನಿಲ್ಲಲಿಲ್ಲ. “ನಾ ನನ್ನ ಕೈ ನೋಡಿ ನಂಬಿಲ್ರಿ ಅತ್ತಿ. ಆತನ ಕೈ ನೋಡಿ ನಂಬೀನಿ.”

“ಅಂದ್ರ?”

“ಶಿಲುಬಿ ಮ್ಯಾಲೆ ಮೊಳಿ ಹೊಡದ್ರಲ್ರಿ. ಆತನ ಕೈ ಏನ್ ಗಾಯ ಆಗದ ಉಳೀತೇನು? ಆತನೂ ಚೀರ್ಯಾನ. ನನಗ ಸುಟ್ಟಾಗೆಲ್ಲ ಅದನ್ನ ನೆನಸ್ತೀನಿ. ಇದರ ಮ್ಯಾಲೆ ನನಗೇನೂ ಗೊತ್ತಿಲ್ಲ. ಸರೀರಿ, ಎಣ್ಣಿ ಡಬ್ಬಿ ತಗೋಬೇಕು.”

ದೊರ್ಕವ್ವ ಸರಿಯಲಿಲ್ಲ. ಸೊಸೆಯ ಅಂಗೈಗಳು ಹಿಟ್ಟಿನಲ್ಲಿ ಮುಳುಗಿ ಏಳುತ್ತಿದ್ದವು. ತಟ್ಟೆಯ ಅಂಚು ಕೂತ ಜಾಗದಲ್ಲಿ ಚರ್ಮ ಇನ್ನೂ ಸುಕ್ಕುಗಟ್ಟಿ ಬಿಳಚಿಕೊಂಡಿತ್ತು. ದಿನಾ ಕಣ್ಣೆದುರಿಗೇ ಇದ್ದದ್ದು, ಇಷ್ಟು ವರ್ಷ ಅವಳು ನೋಡಿರಲಿಲ್ಲ. ತನ್ನ ಎರಡು ಬೆರಳು ಸುಟ್ಟಿದ್ದಕ್ಕೇ ಅನ್ನ ನೀರು ಬಿಟ್ಟಿದ್ದಳು. ಈ ಹುಡುಗಿಯ ಎರಡೂ ಅಂಗೈ ಸುಟ್ಟಿದ್ದವು, ಸುಟ್ಟವಳು ತಾನು.

“ಸುವಾರ್ತಾ, ಅವತ್ತ ಆ ತಟ್ಟಿ…”

“ಮುಂಜಾನಿ ನಾದಿದ ಹಿಟ್ಟು ಉಬ್ಬೈತ್ರಿ,” ಎಂದಳು ಸುವಾರ್ತಾ. ದನಿ ಗಡಸಾಗಿತ್ತು. “ಭಟ್ಟಿ ಕಾದೈತಿ. ಕೆಲಸ ಮೊದಲು ಮಾಡೂಣು.”

ಅವಳನ್ನು ತಪ್ಪು ಎನ್ನುವ ಹಾಗಿರಲಿಲ್ಲ. ಅಷ್ಟು ವರ್ಷ ನುಂಗಿಕೊಂಡದ್ದು ಒಂದು ಮಾತಿಗೆ ಕರಗುವುದಿಲ್ಲ. ತಟ್ಟೆ ಭಟ್ಟಿ ಸೇರಿದ ಮೇಲೆ ಅವಳು ಖಾಲಿ ಡಬ್ಬಿ ಹಿಡಿದು ಎಣ್ಣೆ ತರಲು ಅಂಗಡಿಗೆ ಹೋದಾಗ ದೊರ್ಕವ್ವ ಮೈದಾ ಚೀಲಗಳ ಪಕ್ಕದಲ್ಲಿ ಮೊಣಕಾಲೂರಿದಳು. ಆ ಪ್ರಾರ್ಥನೆಯನ್ನೂ ನಾನು ಕೇಳಿದೆ, ಕೇಳಬಾರದಿತ್ತು, ಎದ್ದು ಹೋಗಲು ಕಾಲು ಬರಲಿಲ್ಲ. ಪ್ರಾರ್ಥನೆ ಪುಸ್ತಕದ ಒಂದು ಮಾತೂ ಅದರಲ್ಲಿರಲಿಲ್ಲ. “ಕರ್ತನ, ನನಗೀಗ ಯಾವ ಗುರ್ತೂ ಉಳದಿಲ್ಲ. ಆ ಹುಡುಗಿ ಕೈ ಸುಟ್ಟಾಕಿ ನಾನು. ಅವತ್ತ ನನಗ ನಿದ್ದಿ ಚಲೋ ಬಂದಿತ್ತು. ಹೆಂಗ ಬಂತೋ ಏನೋ! ನಾ ನಿನ್ನ ನಂಬೇ ಇರಲಿಲ್ಲ ಕಾಣಸ್ತೈತಿ, ನನ್ನ ಕೈ ನಂಬಿದ್ದೆ. ಕರುಣಾ ತೋರಸಪ್ಪ. ನೀ ತಳ್ಳಿಬಿಟ್ರ ನನಗ ಬ್ಯಾರೆ ಯಾರದಾರ?” ಎಂದಳು. ಆಮೇಲೆ ಬರೀ ಅಳು. ನಾನು ಹುಣಸೆಹಣ್ಣು ಬಿಟ್ಟು ಕಣ್ಣು ಒರೆಸಿಕೊಂಡೆ.

ಪ್ರಾರ್ಥನೆ ಮಾಡಿ ಎದ್ದವಳು ಭಟ್ಟಿಯ ಬಾಗಿಲು ಮುಟ್ಟಿ ನೋಡುತ್ತಾಳೆ ಎಂದುಕೊಂಡಿದ್ದೆ. ಮುಟ್ಟಲಿಲ್ಲ. ಒಂದು ಗೋಣಿತಾಟನ್ನು ಮಡಚಿ ಕೈಗೆ ಸುತ್ತಿಕೊಂಡು ತಟ್ಟೆ ಎಳೆದಳು. ಮತ್ತೆ ಆ ಪರೀಕ್ಷೆಯನ್ನು ಅವಳು ಮಾಡಲೇ ಇಲ್ಲ.

ಕೆಂಡದ ಭಾನುವಾರ ಬಂತು. ಅಗ್ಗಿಷ್ಟಿಕೆ ನಿಗಿನಿಗಿ ಹೊಳೆಯುತ್ತಿತ್ತು. ಬಿಳಿ ಸೀರೆ, ಬಿಳಿ ಅಂಗಿಯವರ ಸಾಲು ಮುಂದೆ ಸರಿಯುತ್ತಿತ್ತು. ನನ್ನ ಸರದಿ ಬಂತು, ಹೋಗಿ ಎತ್ತಿದೆ, ತೋರಿಸಿದೆ, ಇಟ್ಟೆ, ರೊಟ್ಟಿ ತಿಂದು ಬಂದು ಕೂತೆ. ನನ್ನ ಹಿಂದೆಯೇ ದೊರ್ಕವ್ವ ಇದ್ದಳು. ಅಂಚಿನಲ್ಲಿ ಬೂದಿ ಮುಸುಕಿದ ಒಂದು ಕರಿ ಕೆಂಡ ಇತ್ತು. ಯೋಬಪ್ಪ ಪಾದ್ರಿಗಳು ಕಣ್ಣಲ್ಲೇ ಅದನ್ನು ತೋರಿಸಿದರು. ಕೊಟ್ಟ ಮಾತು ಉಳಿಸಿಕೊಂಡಿದ್ದರು ಪಾಪ.

ದೊರ್ಕವ್ವ ಅಗ್ಗಿಷ್ಟಿಕೆಯ ಮುಂದೆ ಕೈಕಟ್ಟಿ ನಿಂತಳು. ಸಾಲು ನಿಂತಿತು. ಹಿಂದಿನಿಂದ ಯಾರೋ ಕೆಮ್ಮಿದರು.

“ಹಿಡೀರಿ ದೊರ್ಕವ್ವಾರ,” ಎಂದರು ಪಾದ್ರಿಗಳು, ತಗ್ಗಿದ ದನಿಯಲ್ಲಿ.

“ಇಲ್ರಿ ಅಯ್ನೋರ. ನೀವು ನನ್ನ ಮ್ಯಾಲಿನ ಪ್ರೀತಿಗೆ ಮಾಡೀರಿ, ಅದು ನನಗ ತಿಳಿತೈತಿ. ಆದ್ರ ನನಗದು ಬ್ಯಾಡ.” ಅವಳು ಸಭೆಯ ಕಡೆ ತಿರುಗಿದಳು. “ನನಗ ಕೈ ಸುಡತೈತ್ರಿ. ಚಾಕು ತಗಲಿದ್ದಲ್ಲ, ಸುಟ್ಟದ್ದು. ಕೈ ಸುಡದ ಇದ್ದಾಗ ನಾ ಚಲೋ ಇದ್ದೆ ಅಂತ ತಿಳದಿದ್ದೆ. ಆ ಕೈಲೇ ನನ್ನ ಸೊಸಿಗೆ ಕಾದ ತಟ್ಟಿ ಹಿಡಿಸೀನಿ. ಪರೀಕ್ಷಾ ಅಂತ ಅಂದೆ. ಅದು ಪರೀಕ್ಷಾ ಅಲ್ರಿ, ಪಾಪ. ಇಷ್ಟು ವರ್ಷ ಅದು ಪಾಪ ಅಂತ ನನಗ ಅನಿಸಲೇ ಇಲ್ಲ. ಅದಕ್ಕ ನನಗ ಹೆದರಿಕಿ ಆಗೂದು.”

ಟೆಂಪೋ ಓಡಿಸಿ ಕಪ್ಪಾದ ತಿಮೊಥಿ ಗಂಡಸರ ಸಾಲಿನಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದೊರ್ಕವ್ವ ನಡುದಾರಿಯಲ್ಲಿ ಹಿಂದಕ್ಕೆ ನಡೆದಳು. ಅಷ್ಟು ವರ್ಷ ಮುಂದಿನ ಸಾಲಿನಲ್ಲಿ ಕೂತವಳು ನಮ್ಮೆಲ್ಲರನ್ನೂ ದಾಟಿ ಹೊಸಿಲು ದಾಟಿದಳು. ಮೊಗಸಾಲೆಯ ಚಾಪೆಯ ತುದಿಯಲ್ಲಿ, ಸೊಸೆಯಿಂದ ಒಂದು ಮಾರು ದೂರದಲ್ಲಿ, ಬಿಸಿಲಿಗೆ ಕುಳಿತಳು. ಹತ್ತಿರ ಹೋಗಲು ಧೈರ್ಯವಾಗಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು.

ಬಾಗಿಲಿನಿಂದ ನನಗೆ ಇಬ್ಬರೂ ಕಾಣುತ್ತಿದ್ದರು. ಸುವಾರ್ತಾ ಅತ್ತೆಯ ಕಡೆ ನೋಡಲಿಲ್ಲ. ತನ್ನ ಪಕ್ಕದ ಚಾಪೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ಆಮೇಲೆ, “ಅಲ್ಲಿ ಬಿಸಿಲೈತ್ರಿ ಅತ್ತಿ. ಈ ಕಡೆ ಸರೀರಿ,” ಎಂದಳು.

ದೊರ್ಕವ್ವ ಸರಿದಳು. ಸೊಸೆ ಅವಳ ಸುಟ್ಟ ಬೆರಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಸಡಿಲವಾಗಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು. “ಇನ್ನೂ ಉರಿತೈತೇನ್ರಿ?” ಎಂದಳು.

“ಉರಿತೈತವ್ವ,” ಎಂದು ದೊರ್ಕವ್ವ ಗೊಳೋ ಎಂದು ಅತ್ತಳು.

ಒಳಗೆ ಯೋಬಪ್ಪ ಪಾದ್ರಿಗಳು ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದರು. ಮುಂದಿನವನು ಕೆಂಡ ಎತ್ತಲು ಕೈ ಚಾಚಿದ. ಅವರು ಅವನನ್ನು ನೋಡಲೇ ಇಲ್ಲ. ಪೀಠದಿಂದ ಇಳಿದರು. ಸಭೆಯ ಹಿರಿಯರೊಬ್ಬರು, “ಅಯ್ನೋರ, ಎಲ್ಲಿಗಿ?” ಎಂದು ಎದ್ದು ನಿಂತರು. ಪಾದ್ರಿಗಳು ಹೊಸಿಲಿನವರೆಗೆ ಹೋಗಿ ಅಲ್ಲಿ ಒಂದು ಗಳಿಗೆ ನಿಂತರು. ಆ ತಟ್ಟೆ ಅದುವರೆಗೆ ಆ ಹೊಸಿಲು ದಾಟಿರಲಿಲ್ಲ. ದಾಟಿದರು. ದೊರ್ಕವ್ವನ ಮುಂದೆ ಬಗ್ಗಿ ಹಿಡಿದರು. ಅವಳು ತಲೆ ಅಲ್ಲಾಡಿಸಿ, “ಮೊದಲು ಆಕಿಗೆ ಕೊಡ್ರಿ. ನಾದಿದಾಕಿ ಆಕಿ,” ಎಂದಳು. ಸುವಾರ್ತಾ ಎರಡೂ ಅಂಗೈ ಸೇರಿಸಿ ಚಾಚಿದಳು. ಪಾದ್ರಿಗಳು ಆ ಕಲೆಗಳ ಮೇಲೆ ರೊಟ್ಟಿಯ ತುಂಡು ಇಟ್ಟರು.

ಒಳಗೆ ಗುಸುಗುಸು ಎದ್ದಿತು. ಕೆಲವರು ಸಿಟ್ಟಾಗಿ ಹೊರಟುಹೋದರು, ಕೆಲವರು ಅಳುತ್ತಿದ್ದರು. ನಾನು ಕೂತಲ್ಲೇ ನನ್ನ ಬಲಗೈ ತಿರುಗಿಸಿ ನೋಡಿಕೊಂಡೆ. ಈಗಷ್ಟೇ ಕೆಂಡ ಹಿಡಿದ ಕೈ, ಗುಲಾಬಿ ಬಣ್ಣದ, ಒಂದು ಗೀರೂ ಇಲ್ಲದ, ತಣ್ಣನೆಯ ಕೈ. ಅವತ್ತು ಗೋಡೆಯಾಚೆಯಿಂದ ಆ ಹುಡುಗಿಯ ಕಿರುಚಾಟ ಕೇಳಿದಾಗ ನಾನು ಈ ಕೈಯಲ್ಲೇ ಒಲೆಯ ಮೇಲಿನ ಹಾಲು ಇಳಿಸುತ್ತಿದ್ದೆ, ಓಡಿಹೋಗದೆ ಇಳಿಸಿ ಮುಗಿಸಿದ್ದೆ. ಜೀವಮಾನದಲ್ಲಿ ಮೊದಲ ಸಲ ನನಗೆ ಆ ಕೈ ಕಂಡು ಹೆದರಿಕೆಯಾಯಿತು.